ಭಾರತ–ಚೀನಾ ಹೂಡಿಕೆ ಗ್ರಾಫ್: ಶೇ 81ರ ಭೂತ ಸಿಕ್ಕಿಬಿತ್ತು

ಗ್ರಾಫ್ ಕೊನೆಗೂ ದಾರಿಗೆ ಬಂತು. ಭಾರತ, ಚೀನಾ ಎರಡರಲ್ಲೂ ಸ್ಥಿರ ಬಂಡವಾಳ ಹೂಡಿಕೆ (ಕಟ್ಟಡ, ರಸ್ತೆ, ಯಂತ್ರಗಳಿಗೆ ಹಾಕುವ ದುಡ್ಡು) ಜಿಡಿಪಿಯ ಶೇಕಡಾ ಎಷ್ಟು ಅಂತ 1990ರಿಂದ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಇದು. ಡೇಟಾ ಇಳಿಸಿದ್ದು, ಶೀಟ್ ಸವರಿದ್ದು ಎಲ್ಲ ನಿಮಗೆ ಗೊತ್ತಿರುವುದೇ. ಬಿಟ್ಟುಬಿಡುತ್ತೇನೆ.

ತಲೆ ತಿಂದಿದ್ದು ಚೀನಾದ ಗೆರೆ. 2003ರವರೆಗೆ ಸಾಧುವಾಗಿ ಹೋಗುತ್ತಿತ್ತು. ಆಮೇಲೆ ಏರಿತು ನೋಡಿ, 2015ಕ್ಕೆ ಶೇ 81! ಚೀನಾ ಜಾಸ್ತಿ ಹೂಡುತ್ತದೆ, ಒಪ್ಪೋಣ. ಆದರೆ ಆ ವರ್ಷ ಅಲ್ಲಿ ಜನರ ಮತ್ತು ಸರ್ಕಾರದ ಬಳಕೆಯೇ ಜಿಡಿಪಿಯ ಅರ್ಧದಷ್ಟಿತ್ತು. ಅದಕ್ಕೆ 81 ಕೂಡಿಸಿದರೆ 130 ದಾಟುತ್ತದೆ. ನೂರಕ್ಕಿಂತ ಜಾಸ್ತಿಯಾದ ಆ ಮೂವತ್ತು ಹೊರದೇಶಗಳಿಂದಲೇ ಬರಬೇಕು, ಅಂದರೆ ಭಾರಿ ವ್ಯಾಪಾರ ಕೊರತೆ ಇರಬೇಕು. ಚೀನಾದ್ದೋ ಆಮದಿಗಿಂತ ರಫ್ತೇ ಜಾಸ್ತಿ. ಲೆಕ್ಕ ಕೂಡಲು ಸಾಧ್ಯವೇ ಇಲ್ಲ, ಅಲ್ವಾ?

ಡೇಟಾ ಕೊಟ್ಟ ಸೈಟಿನ ಹೆಸರು ಬೇಡ. ಹತ್ತು ವರ್ಷಕ್ಕಿಂತ ಹಳೆಯದು ಬೇಕೆಂದರೆ ದುಡ್ಡು ಕೇಳುತ್ತದೆ, ತಾರೀಖನ್ನು ಒಂದೇ ಫೈಲಿನಲ್ಲಿ ಎರಡು ಥರ ಬರೆಯುತ್ತದೆ. ಕಾಲಂ ತಲೆಯ ಮೇಲೆ ‘ಸ್ಥಿರ ಬಂಡವಾಳ ಹೂಡಿಕೆ’ ಅಂತ ಬರೆದು ಒಳಗೆ ಬೇರೆ ಸರಕು ತುಂಬಿತ್ತು.

ಚೀನಾದಲ್ಲಿ ಹೂಡಿಕೆಗೆ ಎರಡು ಲೆಕ್ಕ. ಜಿಡಿಪಿಯನ್ನು ಬಳಕೆ, ಹೂಡಿಕೆ, ರಫ್ತು-ಆಮದು ಅಂತ ಖರ್ಚಿನ ಬದಿಯಿಂದ ಲೆಕ್ಕ ಹಾಕುವಾಗ ಬರುವುದು ಜಿಎಫ್‌ಸಿಎಫ್, ಅಂದರೆ ಒಟ್ಟು ಸ್ಥಿರ ಬಂಡವಾಳ ರಚನೆ. ನಮಗೆ ಬೇಕಾದದ್ದು ಅದು. ತಿಂಗಳು ತಿಂಗಳೂ ಸುದ್ದಿಯಾಗುವುದು ಇನ್ನೊಂದು: ಸ್ಥಿರ ಆಸ್ತಿ ಹೂಡಿಕೆ, ಎಫ್‌ಎಐ. ಇದರಲ್ಲಿ ಭೂಮಿ ಕೊಂಡ ದುಡ್ಡು ಇದೆ. ಹಳೆ ಕಟ್ಟಡ, ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡ ದುಡ್ಡೂ ಇದೆ. ಭೂಮಿಯನ್ನು ಯಾರೂ ತಯಾರಿಸಲಿಲ್ಲ, ಹಳೆ ಯಂತ್ರ ಈ ವರ್ಷ ಹುಟ್ಟಿದ್ದಲ್ಲ. ಕೈ ಬದಲಾಗಿದೆ ಅಷ್ಟೆ. ಜಿಎಫ್‌ಸಿಎಫ್ ಇವನ್ನು ಹೊರಗಿಡುತ್ತದೆ. ಉಲ್ಟಾ ಕೂಡ ಇದೆ: 50 ಲಕ್ಷ ಯುವಾನ್‌ಗಿಂತ ಸಣ್ಣ ಯೋಜನೆಗಳು ಎಫ್‌ಎಐಗೆ ಸೇರುವುದಿಲ್ಲ. 2011ಕ್ಕೆ ಮುಂಚೆ ಈ ಮಿತಿ 5 ಲಕ್ಷ ಇತ್ತು. ಅಂದರೆ ಅಳೆಯುವ ಕೋಲೇ ನಡುವೆ ಬದಲಾಗಿದೆ.

ಒಂದು ಗುಣಕ ಹಾಕಿ ಎಫ್‌ಎಐಯನ್ನು ಕೆಳಗಿಳಿಸಬಹುದಾ ಅಂತ ನೋಡಿದೆ. ಬಗ್ಗಲಿಲ್ಲ. 2003ರ ಆಸುಪಾಸು ಎರಡೂ ಲೆಕ್ಕ ಅಕ್ಕಪಕ್ಕ ಇದ್ದವು. 2015ಕ್ಕೆ ಎಫ್‌ಎಐ ಜಿಎಫ್‌ಸಿಎಫ್‌ನ ಹತ್ತಿರ ಹತ್ತಿರ ಎರಡು ಪಟ್ಟು. ಭೂಮಿಯ ಬೆಲೆ ಏರಿದ್ದು ಒಂದು ಕಾರಣ. ಇನ್ನೊಂದು, ಎಫ್‌ಎಐ ಯೋಜನೆವಾರು ಕೆಳಗಿನಿಂದ ವರದಿಯಾಗಿ ಮೇಲೆ ಬರುವ ಲೆಕ್ಕ. ಕೆಳಗಿನವರಿಗೆ ದೊಡ್ಡ ಅಂಕಿ ಅಂದರೆ ಪ್ರೀತಿ. ತನ್ನ ಹಣಕಾಸಿನ ಅಂಕಿಗಳನ್ನು ವರ್ಷಗಟ್ಟಲೆ ಉಬ್ಬಿಸಿದ್ದಾಗಿ ಲಿಯಾವ್‌ನಿಂಗ್ ಪ್ರಾಂತ್ಯ 2017ರಲ್ಲಿ ಒಪ್ಪಿಕೊಂಡಿತು. ಮರುವರ್ಷ ಒಳ ಮಂಗೋಲಿಯಾದ ಸರದಿ.

ಮಜಾ ಇರುವುದು ಇಲ್ಲಿ. ಗ್ರಾಮೀಣ ಕುಟುಂಬಗಳ ಹೂಡಿಕೆ ಬಿಟ್ಟು 2017ಕ್ಕೆಂದು ಪ್ರಕಟವಾದ ಎಫ್‌ಎಐ 63.17 ಲಕ್ಷ ಕೋಟಿ ಯುವಾನ್. 2018ರದ್ದು 63.56. ಭಾಗಿಸಿ ನೋಡಿ, ಏರಿಕೆ ಶೇ 0.6. ಅಧಿಕೃತ ಏರಿಕೆ? ಶೇ 5.9! ಅದು ಸರಿಯಾಗಬೇಕಾದರೆ 2017ರ ಮೊತ್ತ ಸುಮಾರು 60 ಆಗಿರಬೇಕಿತ್ತು. ಮೂರು ಲಕ್ಷ ಕೋಟಿ ಸದ್ದಿಲ್ಲದೆ ಕರಗಿದೆ. ಮೊತ್ತ ನಂಬಬೇಕಾ, ಏರಿಕೆ ನಂಬಬೇಕಾ? ಎರಡನ್ನೂ ಒಟ್ಟಿಗೆ ನಂಬುವಂತಿಲ್ಲ. ಎಫ್‌ಎಐ ಕಾಲಂ ಪೂರ್ತಿ ಕಿತ್ತುಹಾಕಿ, ಖರ್ಚಿನ ಬದಿಯ ಜಿಎಫ್‌ಸಿಎಫ್ ಸುರಿದೆ. ಭೂತ ಇಳಿಯಿತು.

ಈಗ ಚಿತ್ರ ಓದುವ ಹಾಗಿದೆ. 1990ರಲ್ಲಿ ಎರಡು ಗೆರೆಗಳೂ ಹತ್ತಿರ ಹತ್ತಿರ. 2003ರಿಂದ ಭಾರತವೂ ಚೆನ್ನಾಗಿ ಏರುತ್ತದೆ. 2008ರ ಕೊನೆಗೆ ಚೀನಾ 4 ಲಕ್ಷ ಕೋಟಿ ಯುವಾನ್‌ನ ಉತ್ತೇಜನ ಪ್ಯಾಕೇಜ್ ತಂದಿತು. ಅದರ ಗೆರೆ ಆಮೇಲೂ ಶೇ 40ರ ಮೇಲೇ ಕೂತಿತು. ಭಾರತ 2011-12ರಲ್ಲಿ ಶೇ 34ರ ಹತ್ತಿರವಿದ್ದು, ಮುಂದಿನ ವರ್ಷಗಳಲ್ಲಿ 30ರ ಕೆಳಗೆ ಜಾರಿತು.

ಇದನ್ನು ನೋಡುತ್ತಾ ಕೂತಾಗಲೇ ಮುಂದಿನ ಹುಚ್ಚು ಹತ್ತಿತು: ಜಪಾನ್–ದಕ್ಷಿಣ ಕೊರಿಯಾ. ಜಪಾನ್‌ನ ಹೂಡಿಕೆಯ ಶಿಖರ 1970ರ ದಶಕದ ಶುರುವಿನಲ್ಲಿ, ಕೊರಿಯಾದ್ದು 1990ರ ದಶಕದ ಶುರುವಿನಲ್ಲಿ. ಒಂದನ್ನು ಇಪ್ಪತ್ತು ವರ್ಷ ಸರಿಸಿ ಇನ್ನೊಂದರ ಮೇಲೆ ಕೂರಿಸಿದರೆ ಹೇಗಿರುತ್ತದೆ? ಫೋಲ್ಡರ್ ಆಗಲೇ ಮಾಡಿಟ್ಟಿದ್ದೇನೆ. ಇದು ಮುಗಿಯಲಿ ಅಂತ ಸುಮ್ನೆ ಇದ್ದೇನೆ.

ಭಾರತದ ಗೆರೆಯಲ್ಲಿ 2011-12 ಮೂಲ ವರ್ಷದ (ಆ ವರ್ಷದ ಬೆಲೆಗಳನ್ನು ಆಧಾರವಾಗಿಟ್ಟ) ಸರಣಿ ಹಳೆಯದಕ್ಕೆ ಸೇರುವ ಕಡೆ ಅಂಟು ಹಚ್ಚಿಲ್ಲ. ಗೆರೆ ಕಡಿದು ಹಾಗೇ ಬಿಟ್ಟಿದ್ದೇನೆ, ನೋಡುವವರಿಗೆ ಗೊತ್ತಾಗಲಿ. ಕಾಡುತ್ತಿರುವುದು ಕ್ಯಾಲೆಂಡರ್. ಚೀನಾದ ವರ್ಷ ಜನವರಿಗೆ ಶುರು, ನಮ್ಮದು ಏಪ್ರಿಲ್‌ಗೆ. ತ್ರೈಮಾಸಿಕ ಅಂಕಿ ಇರುವ ಕಡೆ ಜನವರಿ–ಮಾರ್ಚ್ ತೆಗೆದು ಮುಂದಿನ ಮೂರಕ್ಕೆ ಜೋಡಿಸಿದರೆ ಆಯಿತು. ಇಲ್ಲದ ಹಳೆ ವರ್ಷಗಳಿಗೆ ಹಿಂದಿನ ಹಣಕಾಸು ವರ್ಷದ ಕಾಲುಭಾಗ, ಈ ವರ್ಷದ ಮುಕ್ಕಾಲು. ಆದರೆ ನಮ್ಮಲ್ಲಿ ಮಾರ್ಚ್ ಎಂದರೆ ಬಿಲ್ ಪಾಸ್ ಮಾಡಿಸುವ ಭರಾಟೆ. ಆ ಮೂರು ತಿಂಗಳಿಗೆ ಬರೀ ಕಾಲುಭಾಗ ಕೊಟ್ಟರೆ ಸಾಲದು. ತ್ರೈಮಾಸಿಕ ಅಂಕಿ ಇರುವ ವರ್ಷಗಳಿಂದ ಜನವರಿ–ಮಾರ್ಚ್‌ನ ಸರಾಸರಿ ಪಾಲು ತೆಗೆದು ಅದನ್ನೇ ಹಿಂದಕ್ಕೆ ಹಾಕುವ ಯೋಚನೆ ಇದೆ. ಇದಕ್ಕಿಂತ ಒಳ್ಳೆ ಉಪಾಯ ಇದ್ದವರು ಬೇಗ ಹೇಳಿ, ಕೋಡ್ ಇನ್ನೂ ಬರೆದಿಲ್ಲ.