ದಿನ ಬಿಟ್ಟು ದಿನ ನುಂಗುವ ಗುಳಿಗೆ

ಕುಮಟಾ, 26 ಜೂನ್ 2025, ಗುರುವಾರ

ಮಳೆಯಿಂದಾಗಿ ರೋಗಿಗಳು ಕಡಿಮೆ ಇದ್ದರು. ಬಾಗಿಲು ಹಾಕುವ ಹೊತ್ತಿಗೆ ತದಡಿಯ ಒಣಮೀನಿನ ಅಕ್ಕ ಬಂದರು. ಈ ಸಲ ತಮ್ಮ ಮಂಡಿನೋವಿಗಾಗಿ ಬಂದಿರಲಿಲ್ಲ; ಗಂಡನ ಚೀಟಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ತಂದಿದ್ದರು. ಗಂಡ ಬೋಟಿನಲ್ಲಿ ದುಡಿಯುವವರು. ಡಿಸೆಂಬರಿನಲ್ಲಿ ಎದೆನೋವು ಕಾಣಿಸಿಕೊಂಡಾಗ ರಾತ್ರೋರಾತ್ರಿ ದಕ್ಷಿಣದ ದೊಡ್ಡ ಆಸ್ಪತ್ರೆಯೊಂದಕ್ಕೆ ಸಾಗಿಸಿ, ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಎಂಬ ಪುಟ್ಟ ಕೊಳವೆ ಹಾಕಿಸಿದ್ದರು. ಬಿಪಿಎಲ್ ಕಾರ್ಡು ಇದ್ದುದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಸ್ಪತ್ರೆಯ ಖರ್ಚೆಲ್ಲ ಕಳೆದುಹೋಯಿತು. ಅದನ್ನು ಅವರು ಇಂದಿಗೂ ಕೃತಜ್ಞತೆಯಿಂದಲೇ ಹೇಳುತ್ತಾರೆ.

“ಗುಳಿಗೆ ಸರಿಯಾಗಿ ತಗೊಳ್ತಾ ಇದ್ದಾರಾ?” ಎಂದು ಕೇಳಿದೆ.

“ತಗಂತ್ರು ಡಾಕ್ಟ್ರೇ. ಒಂದಿನ ಬಿಟ್ಟು ಒಂದಿನ.”

“ಹಾಗೆ ತಗೊಳ್ಳಿ ಅಂತ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಬೋಟು ಬಂದ್ ಅಲ್ದಾ ಈಗ? ಗೃಹಲಕ್ಷ್ಮಿ ದುಡ್ಡು ಬಂದ ತಿಂಗಳು ಪೂರಾ ತಗಂತ್ರು, ಬರದಿದ್ದ ತಿಂಗಳು ಅರ್ಧ. ಆಗಸ್ಟಿಂದ ದಿನಾ ತಗಂಡ್ರೆ ಅಡ್ಡಿಲ್ಲ ಅಲ್ದಾ?”

ಅಡ್ಡಿಲ್ಲ ಎನ್ನುವಂತಿರಲಿಲ್ಲ. ಸ್ಟೆಂಟ್ ಹಾಕಿದ ಮೊದಲ ವರ್ಷದಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗೆಯನ್ನು ತಪ್ಪಿಸಿದರೆ ಆ ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಇನ್ನೊಮ್ಮೆ ಹೃದಯಾಘಾತವಾಗಬಹುದು ಎಂಬುದನ್ನು ತಿಳಿಯುವಂತೆ ವಿವರಿಸಿದೆ. ಆಕೆ ತಲೆಯಾಡಿಸಿದರು. ಆಮೇಲೆ ಚೀಟಿ ಬಿಡಿಸಿ, ಮೆಡಿಕಲ್ಲಿನ ಬಿಲ್ಲನ್ನೂ ಮೇಜಿನ ಮೇಲಿಟ್ಟರು. ತಿಂಗಳಿಗೆ ಎರಡು ಸಾವಿರದ ಹತ್ತಿರ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಮನೆಯ ಆದಾಯವೇ ನಿಂತಿರುವ ಕಾಲದಲ್ಲಿ ನನ್ನ ವಿವರಣೆ ಎಷ್ಟು ಸರಿಯಾಗಿದ್ದರೂ ಆ ಬಿಲ್ಲಿಗೆ ಉತ್ತರವಾಗಲಾರದು.

ಚೀಟಿಯಲ್ಲಿದ್ದ ಒಂದು ಕ್ಯಾಪ್ಸೂಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮತ್ತು ಕೊಲೆಸ್ಟೆರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಮೂರೂ ಸೇರಿದ್ದವು. ರೋಗಿಗೆ ಅನುಕೂಲವೆಂದೇ ಇಂಥ ಸಂಯುಕ್ತ ಗುಳಿಗೆಗಳನ್ನು ಬರೆಯುತ್ತಾರೆ, ಅದರಲ್ಲಿ ಸತ್ಯವೂ ಇದೆ. ಆದರೆ ದುಡ್ಡಿಲ್ಲದ ದಿನ ಅದೊಂದನ್ನು ಬಿಟ್ಟರೆ ಮೂರು ಔಷಧಗಳೂ ಒಟ್ಟಿಗೇ ತಪ್ಪುತ್ತವೆ. ಬೆಲೆಯ ಮಾತು ಬೇರೆಯೇ ಇದೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಗರಿಷ್ಠ ಬೆಲೆ ನಿಗದಿಯಾಗುವುದು ಮುಖ್ಯವಾಗಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವವಕ್ಕೆ ಮಾತ್ರ, ಮತ್ತು ಬಹಳಷ್ಟು ಸಂಯುಕ್ತ ಗುಳಿಗೆಗಳು ಆ ಪಟ್ಟಿಯಲ್ಲಿಲ್ಲ. ಪಟ್ಟಿಯ ಹೊರಗಿನವುಗಳ ಬೆಲೆಯನ್ನು ಕಂಪನಿಗಳು ವರ್ಷಕ್ಕೆ ಶೇಕಡಾ 10ರವರೆಗೆ ಏರಿಸಬಹುದು. ಇನ್ನು ಪಟ್ಟಿಯಲ್ಲಿರುವ ಔಷಧಗಳ ಗರಿಷ್ಠ ಬೆಲೆಯನ್ನಾದರೂ ತಯಾರಿಕೆಯ ವೆಚ್ಚ ನೋಡಿ ಗೊತ್ತುಮಾಡುವುದಿಲ್ಲ. ಮಾರುಕಟ್ಟೆಯಲ್ಲಿ ಶೇಕಡಾ 1ಕ್ಕಿಂತ ಕಡಿಮೆಯಿಲ್ಲದ ಪಾಲು ಇರುವ ಬ್ರ್ಯಾಂಡುಗಳ ಬೆಲೆಯ ಸರಾಸರಿ ತೆಗೆದು, ಅದಕ್ಕೆ ಚಿಲ್ಲರೆ ಅಂಗಡಿಯವರ ಶೇಕಡಾ 16 ಸೇರಿಸುತ್ತಾರೆ. ದುಬಾರಿ ಬ್ರ್ಯಾಂಡುಗಳೇ ಸರಾಸರಿಯನ್ನು ಎತ್ತಿ ಹಿಡಿದಿರುವಾಗ ನಿಯಂತ್ರಣವೆಂಬ ಹೆಸರಿಗೆ ಅರ್ಥ ಎಷ್ಟು ಉಳಿಯುತ್ತದೆಯೋ!

ಇದೇ ಕೇಂದ್ರ ಸರ್ಕಾರ ಮನಸ್ಸು ಮಾಡಿದಾಗ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2017ರ ಫೆಬ್ರುವರಿಯಲ್ಲಿ ಸ್ಟೆಂಟಿಗೆ ಮಿತಿ ಹಾಕಿದಾಗ, ಲಕ್ಷ ರೂಪಾಯಿ ದಾಟಿದ್ದ ಔಷಧಲೇಪಿತ ಸ್ಟೆಂಟಿನ ಬೆಲೆ 29,600 ರೂಪಾಯಿಗೆ ಇಳಿಯಿತು. ಯಾವ ಆಸ್ಪತ್ರೆಯೂ ಅದರಿಂದ ಬಾಗಿಲು ಮುಚ್ಚಲಿಲ್ಲ.

ಸ್ಟೆಂಟ್ ಅಗ್ಗವಾಯಿತು, ಅದನ್ನು ಹಾಕುವ ಖರ್ಚು ಯೋಜನೆಗೆ ಸೇರಿತು; ಆದರೆ ಆ ಸ್ಟೆಂಟನ್ನು ಕಾಪಾಡುವ ಗುಳಿಗೆ ರೋಗಿಯ ಪಾಲಿಗೇ ಉಳಿಯಿತು. ಆಯುಷ್ಮಾನ್ ಭಾರತದ ನಿಯಮದಂತೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ 15 ದಿನಗಳ ಔಷಧಕ್ಕೆ ಅವಕಾಶವಿದೆ. ಹೃದ್ರೋಗಿಗೆ ಔಷಧ ಬೇಕಾಗಿರುವುದು ಜೀವಮಾನಕ್ಕೆ. ಸಕ್ಕರೆ ಕಾಯಿಲೆಗೂ ಬಿಪಿಗೂ ಇದೇ ಕಥೆ: ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ಸಿಗೆ ಬಂದವರಿಗೆ ಸರ್ಕಾರ ಹಣ ತೆರುತ್ತದೆ, ಮೂತ್ರಪಿಂಡ ಕೆಡದಂತೆ ಹತ್ತು ವರ್ಷ ನುಂಗಬೇಕಾದ ಗುಳಿಗೆಗೆ ರೋಗಿಯೇ ತೆರಬೇಕು. ವೈದ್ಯಕೀಯ ಸುಧಾರಣೆಯ ಚರ್ಚೆಗಳಲ್ಲಿ ಈ ಯೋಜನೆಯ ಐದು ಲಕ್ಷದ ಮಿತಿಯನ್ನು ಹತ್ತು ಲಕ್ಷಕ್ಕೆ ಏರಿಸಬೇಕೆಂದು ವಾದಿಸುವವರು ಬಹಳ; ಹೊರರೋಗಿಯ ಚೀಟಿಯನ್ನು ಯೋಜನೆಗೆ ಸೇರಿಸಬೇಕೆಂದು ಕೇಳುವವರು ನನಗೆ ಕಂಡದ್ದು ಅಪರೂಪ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಕೈಯಿಂದ ತೆರುವ ಪಾಲು 2013-14ರಲ್ಲಿ ಶೇಕಡಾ 64.2 ಇದ್ದದ್ದು 2021-22ರಲ್ಲಿ 39.4ಕ್ಕೆ ಇಳಿದಿದೆ. ಸಂತೋಷವೇ. ಆದರೆ ಆ ಉಳಿದ ಪಾಲಿನ ದೊಡ್ಡ ಭಾಗ ಮೆಡಿಕಲ್ ಅಂಗಡಿಯ ಕೌಂಟರಿನಲ್ಲಿ ಬೀಳುತ್ತಿದೆ ಎಂಬುದು ಕ್ಲಿನಿಕ್ಕಿನಲ್ಲಿ ಕುಳಿತವರಿಗೆ ಯಾವ ಲೆಕ್ಕಪತ್ರವೂ ಇಲ್ಲದೆ ತಿಳಿಯುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾತ್ರ ಸುಧಾರಣೆ ಎಂದೊಡನೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಎಂಬ ಒಂದೇ ಮಾತು ಎದ್ದು ನಿಲ್ಲುತ್ತದೆ. ಆ ಬೇಡಿಕೆ ನ್ಯಾಯವಾದದ್ದು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿದ ದೃಶ್ಯವನ್ನು ನೋಡಿದವರು ಯಾರೂ ಅದನ್ನು ಅಲ್ಲಗಳೆಯಲಾರರು. ಎದೆ ಹಿಡಿದುಕೊಂಡು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಎಂದು ನಡುರಾತ್ರಿ ಲೆಕ್ಕ ಹಾಕುವ ಪಾಡು ನಮ್ಮದು. ಹಾಗಿದ್ದೂ, ಕಟ್ಟಡ ಎದ್ದ ಮರುದಿನ ಈ ಅಕ್ಕನ ಬಿಲ್ಲಿನಲ್ಲಿ ಹತ್ತು ರೂಪಾಯಿಯೂ ಕಡಿಮೆಯಾಗುವುದಿಲ್ಲ ಎಂಬುದನ್ನು ಸಭೆಯಲ್ಲಿ ಹೇಳಿದರೆ ಹೋರಾಟದ ಗೆಳೆಯರಿಗೆ ಸಿಟ್ಟು ಬರುತ್ತದೆ.

ಅಗ್ಗದ ಔಷಧ ಮಾರುವ ಕೇಂದ್ರ ಸರ್ಕಾರದ ಜನೌಷಧಿ ಅಂಗಡಿಯಿಂದಲೇ ತರಲು ಹೇಳಬಹುದಲ್ಲ ಎನ್ನುತ್ತಾರೆ. ಹೇಳುತ್ತೇನೆ, ಇಂದೂ ಹೇಳಿದೆ. ಮೂರು ಔಷಧಗಳನ್ನು ಬಿಡಿಬಿಡಿಯಾಗಿ ಬರೆದೂ ಕೊಟ್ಟೆ. ಆದರೆ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಬೇಕೆಂದು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶಿಸಿತು. ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿಯೇ ಸಿಗುವಾಗ ಮಾರಾಟದ ಅಂಗಡಿ ಏಕೆ ಎಂಬುದು ಅದರ ವಾದ. ತತ್ತ್ವದಲ್ಲಿ ನಾನು ಒಪ್ಪುತ್ತೇನೆ. ಉಚಿತ ಔಷಧ ವರ್ಷವಿಡೀ ಕಪಾಟಿನಲ್ಲಿರುತ್ತದೆ ಎಂಬ ಖಾತರಿ ಮೊದಲು ಸಿಕ್ಕಿ, ಅಂಗಡಿ ಆಮೇಲೆ ಹೋಗಿದ್ದರೆ ಪೂರ್ತಿ ಒಪ್ಪುತ್ತಿದ್ದೆ.

ಗುಣಮಟ್ಟದ ಪ್ರಶ್ನೆಯೂ ಇದೆ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಚೀಟಿಯಲ್ಲಿ ಬ್ರ್ಯಾಂಡಿನ ಬದಲು ಔಷಧದ ಮೂಲ ಹೆಸರನ್ನೇ, ಅಂದರೆ ಜನರಿಕ್ ಹೆಸರನ್ನೇ, ಬರೆಯಬೇಕೆಂಬ ನಿಯಮ ತಂದು, ವೈದ್ಯರ ವಿರೋಧದಿಂದ ಅದೇ ತಿಂಗಳು ತಡೆಹಿಡಿಯಿತು. ವಿರೋಧಿಸಿದವರೆಲ್ಲ ಕಂಪನಿಗಳ ಋಣದಲ್ಲಿದ್ದರೆಂದು ನಾನು ನಂಬುವುದಿಲ್ಲ. ನಾನು ಬ್ರ್ಯಾಂಡ್ ಬರೆಯದಿದ್ದರೆ ಆಯ್ಕೆ ಅಂಗಡಿಯವರ ಕೈಗೆ ಹೋಗುತ್ತದೆ, ಅವರು ಕೊಡುವುದು ಹೆಚ್ಚು ಲಾಭವಿರುವುದನ್ನು. 2024ರ ನವೆಂಬರಿನಲ್ಲಿ ಬಳ್ಳಾರಿಯ ಬಾಣಂತಿಯರ ಸಾವುಗಳ ನಂತರ, ಸರ್ಕಾರವೇ ಖರೀದಿಸಿದ್ದ, ರಕ್ತನಾಳಕ್ಕೆ ಹನಿಸುವ ಐವಿ ದ್ರಾವಣದ ಮೇಲೆ ಸಂಶಯ ಬಿದ್ದಾಗ, ಅಗ್ಗದ ಔಷಧವನ್ನು ಸಮರ್ಥಿಸುತ್ತಿದ್ದ ನಮ್ಮಂಥವರ ನಾಲಿಗೆ ಒಂದಷ್ಟು ದಿನ ಕಟ್ಟಿಹೋಗಿತ್ತು. ತಮಿಳುನಾಡು 1994ರಲ್ಲೇ ವೈದ್ಯಕೀಯ ಸೇವಾ ನಿಗಮ ಸ್ಥಾಪಿಸಿ, ರಾಜ್ಯಕ್ಕೆಲ್ಲ ಒಟ್ಟಾಗಿ ಖರೀದಿಸುವ, ಜಿಲ್ಲಾ ಉಗ್ರಾಣಕ್ಕೆ ಬಂದ ಔಷಧವನ್ನು ಪರೀಕ್ಷೆಯಲ್ಲಿ ಪಾಸಾಗದೆ ಹೊರಬಿಡದ ಪದ್ಧತಿ ತಂದಿತು. ನಮ್ಮಲ್ಲೂ ನಿಗಮವಿದೆ. ಶಿಸ್ತು ಎರವಲು ಸಿಗುವುದಿಲ್ಲ ಅಷ್ಟೆ.

ಹೊರಡುವಾಗ ಆಕೆ, “ಸರ್ಕಾರಿ ಆಸ್ಪತ್ರೇಲಿ ಸಿಕ್ಕೂದಾ ಇದೆಲ್ಲ?” ಎಂದು ಕೇಳಿದರು. ನಾಳೆ ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ. ಕ್ಲೋಪಿಡೋಗ್ರೆಲ್ ದಾಸ್ತಾನು ಇದೆಯೆಂದೇ ಇಟ್ಟುಕೊಳ್ಳೋಣ. ಅದನ್ನು ತಿಂಗಳಿಗೊಮ್ಮೆ ಪೂರಾ ಕೊಟ್ಟರೆ ಸರಿ. ವಾರಕ್ಕಿಷ್ಟೇ ಎಂದರೆ ತದಡಿಯಿಂದ ಬಸ್ಸು ಹಿಡಿದು ಬಂದು ಸರದಿಯಲ್ಲಿ ನಿಲ್ಲುವ ಆ ನಾಲ್ಕು ದಿನಗಳ ವ್ಯಾಪಾರವನ್ನು ಯಾವ ಖಾತೆಗೆ ಬರೆಯಬೇಕು? ಅದಕ್ಕಿಂತ ಗುಳಿಗೆಯನ್ನು ಅವರ ಊರಿನ ಆರೋಗ್ಯ ಉಪಕೇಂದ್ರಕ್ಕೇ ತಲುಪಿಸಿ ಆಶಾ ಕಾರ್ಯಕರ್ತೆಯ ಕೈಯಲ್ಲಿ ಕೊಡಿಸಿದರೆ ಆಗದೇ?