ಹಗೇವಿಗೆ ಇಳಿದ ಲೆಜರ್

ತಿಂಗಳ ಕಡೇ ದಿನ, ಬೆಳಿಗ್ಗೆ ಹತ್ತೂವರೆ. ಅಕೌಂಟ್ಸ್ ಅಕ್ಕಾರ ಫೋನು: "ತಮ್ಮಾ, ಠೇವಣಿ ಬಡ್ಡಿ ಹಾಕಾಕ ಕೊಟ್ಟು ಅರ್ಧಾ ತಾಸಾತು. ಬರೇ ಚಕ್ರ ತಿರಗಾಕತ್ತೇತಿ." ಚಹಾ ಅರ್ಧಕ್ಕೇ ಬಿಟ್ಟು ಸರ್ವರ್ ರೂಮಿಗೆ ಓಡಿದೆ. ಹುಬ್ಬಳ್ಳಿ ಬಿಸಿಲಿನಿಂದ ಅಲ್ಲಿಗೆ ಹೋದರೆ ಸ್ವರ್ಗ, ಅವತ್ತು ಮಾತ್ರ ಅಲ್ಲೂ ಬೆವರು.

ಮೂರು ವಾರದ ಹಿಂದೆ ನಮ್ಮ ವಿಎನ್‌ಎಕ್ಸ್ 5400ರಲ್ಲಿ, ಅಂದರೆ ಡೇಟಾ ಇಡುವ ಡಿಸ್ಕಿನ ಡಬ್ಬದಲ್ಲಿ, ಮೂರು ಥರದ ಡಿಸ್ಕ್ ಸೇರಿಸಿ ಒಂದೇ ಪೂಲ್ (ಒಟ್ಟು ಜಾಗ) ಮಾಡಿದ್ದೆ: ತೀರಾ ವೇಗದ 200 ಜಿಬಿಯ ಐದು ಎಸ್‌ಎಸ್‌ಡಿ, ನಡುವಿನ 900 ಜಿಬಿಯ ಹತ್ತು ಸಾಸ್, ದೊಡ್ಡದಾದರೂ ನಿಧಾನದ 4 ಟಿಬಿಯ ಎಂಟು ಎನ್‌ಎಲ್-ಸಾಸ್. ಡಿಸ್ಕ್ ಕೆಟ್ಟರೂ ಡೇಟಾ ಉಳಿಯಲಿ ಅಂತ ದೊಡ್ಡವಕ್ಕೆ ರೇಡ್ 6, ಉಳಿದವಕ್ಕೆ ರೇಡ್ 5. ಡೇಟಾ ಸರಿಸಾಡಲು ಇರಲಿ ಅಂತ ಹತ್ತು ಪರ್ಸೆಂಟ್ ಖಾಲಿ ಬಿಟ್ಟಿದ್ದೆ. ಪಾಲಿಸಿ ಮಾತ್ರ ಎಲ್ಲಕ್ಕೂ ಆಟೋ-ಟಿಯರ್: ಯಾವ ಡೇಟಾ ಯಾವ ಟಿಯರಿನಲ್ಲಿ (ಡಿಸ್ಕಿನ ಹಂತದಲ್ಲಿ) ಇರಬೇಕೆಂದು ಡಬ್ಬವೇ ತೀರ್ಮಾನಿಸುವುದು.

ಅದು ಡೇಟಾವನ್ನು 256 ಎಂಬಿ ತುಂಡು ಮಾಡಿ, ಯಾವ ತುಂಡಿಗೆ ಎಷ್ಟು ಕೆಲಸ ಅಂತ ತಾಸಿಗೊಮ್ಮೆ ಲೆಕ್ಕ ಹಾಕಿ, ರಾತ್ರಿ ಹೊತ್ತು ಮೇಲೆ ವೇಗದ ಡಿಸ್ಕಿಗೆ, ಕೆಳಗೆ ನಿಧಾನದ್ದಕ್ಕೆ ಸರಿಸುತ್ತದೆ. ಆ ಲೆಕ್ಕದಲ್ಲಿ ಒಂದು ದಿನ ಹಳೆಯದಾದ ಓದಿಗೆ ಸುಮಾರು ಅರ್ಧ ಬೆಲೆ.

ಗದಗಿನ ಕಡೆ ನಮ್ಮೂರಲ್ಲಿ ಅಜ್ಜಿಯದೂ ಇದೇ ಪದ್ಧತಿ. ವಾರದ ಹಿಟ್ಟು ಡಬ್ಬಿಯಲ್ಲಿ, ತಿಂಗಳ ಜೋಳ ಚೀಲದಲ್ಲಿ, ಉಳಿದದ್ದು ನೆಲದೊಳಗಿನ ಹಗೇವಿನಲ್ಲಿ. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ, ಮೊದಲು ಕೆಟ್ಟ ಗಾಳಿ ಹೋಗಬೇಕು. ಅದಕ್ಕೇ ಜಾತ್ರೆಗೆ ನಾಲ್ಕು ದಿನ ಇರುವಾಗಲೇ ಜೋಳ ತೆಗೆಸುತ್ತಿದ್ದಳು. ನನ್ನ ಡಬ್ಬಕ್ಕೆ ಜಾತ್ರೆ ತಿಳಿಯದು, ನಿನ್ನೆ ಮೊನ್ನೆ ಅಷ್ಟೇ.

ಬಡ್ಡಿ ಹಾಕಲು ಬೇಕಾದ, ತಿಂಗಳಿಡೀ ಯಾರೂ ಮುಟ್ಟದ ಹಳೇ ಲೆಜರ್ ಪೂರಾ ನಿಧಾನದ ಎನ್‌ಎಲ್-ಸಾಸ್‌ಗೆ, ನಿಮಿಷಕ್ಕೆ 7,200 ಸುತ್ತಿನ ಡಿಸ್ಕಿಗೆ, ಇಳಿದಿತ್ತು. ಅಂಥ ಒಂದು ಡಿಸ್ಕಿನಿಂದ ಸೆಕೆಂಡಿಗೆ ನೂರು ಬಿಡಿಬಿಡಿ ಓದೂ ಹೊರಡುವುದಿಲ್ಲ. ಸಾಲದ್ದಕ್ಕೆ ರೇಡ್ 6ರಲ್ಲಿ ಒಂದು ಸಣ್ಣ ಬರಹಕ್ಕೆ ಆರು ಸಲ ಡಿಸ್ಕ್ ಮುಟ್ಟಬೇಕು. ಹಾಗಾದರೆ ಮೇಲೆ ವೇಗದ ಡಿಸ್ಕಿನಲ್ಲಿ ಕೂತವರು ಯಾರು? ಗ್ರಾಹಕರ ಸ್ಕ್ಯಾನ್ ಮಾಡಿದ ಆಧಾರ್, ಪಾನ್! ದಿನಾ ರಾತ್ರಿ ಬ್ಯಾಕಪ್ ಅವನ್ನೆಲ್ಲ ಓದುತ್ತಿತ್ತು, ಡಬ್ಬ ಅದನ್ನೂ ಕೆಲಸ ಅಂತಲೇ ಎಣಿಸಿತ್ತು. ನಾನು ಮೊದಲೇ ಯೋಚಿಸಬೇಕಿತ್ತು.

ಆ ಹೊತ್ತಿನಲ್ಲಿ ಡೇಟಾ ಸರಿಸಲು ಹೋಗಲಿಲ್ಲ, ದಣಿದ ಡಿಸ್ಕಿನ ಮೇಲೆ ಇನ್ನೊಂದು ಹೊರೆ. ಬಡ್ಡಿ ಮುಗಿದದ್ದು ಸಂಜೆ ನಾಲ್ಕಕ್ಕೆ. ಆಮೇಲೆ ಸ್ಕ್ಯಾನ್ ಇರುವ ಭಾಗವನ್ನು ಕೆಳಗಿನ ಟಿಯರಿಗೆ, ಲೆಜರ್ ಇರುವ ಡೇಟಾಬೇಸನ್ನು ಮೇಲಿನದಕ್ಕೆ ಕಟ್ಟಿದೆ.

ಮುಂದಿನ ತಿಂಗಳ ಕಡೇ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಅಕ್ಕಾರ ಫೋನು. ಎದೆ ಧಸಕ್ಕೆಂದಿತು.

"ತಮ್ಮಾ, ಬಡ್ಡಿ ಮುಗೀತು. ಪ್ರಿಂಟರ್‌ನಾಗ ಹಾಳಿ ಇಲ್ಲ, ಕಳಸು."