ಚೆಸ್ಟ್ ಫ್ರೀಜರಿನಿಂದ ಬಿಯರ್ ನಲ್ಲಿ: ಮರಗೆಲಸಕ್ಕಿಂತ ಒತ್ತಡದ ಲೆಕ್ಕ ದೊಡ್ಡದು

ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಕ್ಕೆ ಬಿದ್ದವರು ಒಂದಲ್ಲ ಒಂದು ದಿನ ಬಾಟಲಿಗಳ ಮೇಲೆ ಮುನಿಸಿಕೊಳ್ಳುತ್ತಾರೆ. ಅಮೆರಿಕದ ಹವ್ಯಾಸಿಗಳು ಸಾಮಾನ್ಯವಾಗಿ ಒಮ್ಮೆಗೆ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಬಿಯರ್ ಮಾಡುತ್ತಾರೆ. ಅದನ್ನು ತುಂಬಿಡಬೇಕಾದರೆ ಐವತ್ತಕ್ಕೂ ಹೆಚ್ಚು ಸಣ್ಣ ಬಾಟಲಿಗಳನ್ನು ತೊಳೆದು, ಸೋಂಕು ನಿವಾರಿಸಿ, ಒಂದೊಂದಕ್ಕೂ ಮುಚ್ಚಳ ಒತ್ತಿ, ಒಳಗೆ ಗುಳ್ಳೆ ಹುಟ್ಟುವವರೆಗೆ ಎರಡು ಮೂರು ವಾರ ಕಾಯಬೇಕು. ಬಿಯರ್ ತುಂಬಿಡುವ ಸ್ಟೀಲಿನ ಪೀಪಾಯಿ, ಅಂದರೆ ಕೆಗ್ ಒಂದಿದ್ದರೆ ಇಷ್ಟೂ ದುಡಿಮೆ ಒಂದು ಪಾತ್ರೆ ತೊಳೆಯುವಷ್ಟಕ್ಕೆ ಇಳಿಯುತ್ತದೆ. ಆದರೆ ಕೆಗ್ಗನ್ನು ಸದಾ ತಣ್ಣಗಿಡುವ ಏರ್ಪಾಟು ಬೇಕಲ್ಲ, ಆ ಕಾರಣಕ್ಕೇ ಮಿಷಿಗನ್ನಿನ ನಮ್ಮ ಮನೆಯ ನೆಲಮಾಳಿಗೆಯಲ್ಲಿದ್ದ ಚೆಸ್ಟ್ ಫ್ರೀಜರನ್ನು ಮೂರು ನಲ್ಲಿಗಳ ಬಿಯರ್ ಪೆಟ್ಟಿಗೆಯಾಗಿ ಮಾರ್ಪಡಿಸಿದ್ದೇನೆ. ನೋಡಿದವರೆಲ್ಲ ಮರದ ಚೌಕಟ್ಟನ್ನೂ ನಲ್ಲಿಯ ಹಿಡಿಕೆಗಳನ್ನೂ ಹೊಗಳುತ್ತಾರೆ. ಅದು ಯಾರು ಬೇಕಾದರೂ ಮಾಡಬಹುದಾದ ಭಾಗ. ಲೋಟಕ್ಕೆ ಬಿಯರ್ ಬರುತ್ತದೆಯೋ ಬರೀ ನೊರೆ ಬರುತ್ತದೆಯೋ ಎಂಬುದನ್ನು ನಿರ್ಧರಿಸುವುದು ಉಷ್ಣಾಂಶ, ಅನಿಲದ ಒತ್ತಡ ಮತ್ತು ಕೊಳವೆಯ ಉದ್ದ ಈ ಮೂರರ ಹೊಂದಾಣಿಕೆಯೇ ಹೊರತು ಮರದ ಮೇಲಿನ ಪಾಲಿಶ್ ಅಲ್ಲ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ರದ್ದಾದ ಬಳಿಕ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅವಕಾಶ ದೊರೆಯಿತಾದರೂ ಬಿಯರಿಗೆ ದೊರೆಯಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆಯೊಂದು ಮರುವರ್ಷ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ, ಒಬ್ಬರೇ ವಯಸ್ಕರಿರುವ ಮನೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆ 200 ಗ್ಯಾಲನ್ ಬಿಯರನ್ನು ಸ್ವಂತ ಬಳಕೆಗೆ ತೆರಿಗೆಯಿಲ್ಲದೆ ತಯಾರಿಸಬಹುದೆಂದಾಯಿತು. ರಾಜ್ಯಗಳು ತಮ್ಮ ತಮ್ಮ ಕಾನೂನನ್ನು ಬೇರೆಯಾಗಿ ಬದಲಿಸಬೇಕಾಗಿದ್ದರಿಂದ ಮಿಸ್ಸಿಸ್ಸಿಪ್ಪಿ ಮತ್ತು ಅಲಬಾಮ 2013ರವರೆಗೂ ಕಾದವು. ಕರ್ನಾಟಕದ ಮಾತು ಬೇರೆ: 1965ರ ಅಬಕಾರಿ ಕಾಯಿದೆಯ ಪ್ರಕಾರ ಅಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಊರಿನಲ್ಲಿರುವ ಸ್ನೇಹಿತರು ಈ ಬರಹವನ್ನು, ಕೆಳಗೆ ಬರುವ ಸೋಡಾ ನಲ್ಲಿಯ ಮಟ್ಟಿಗೆ ಮಾತ್ರ ಅನುಸರಿಸುವುದು ಕ್ಷೇಮ.

ಮಾಮೂಲಿ ಫ್ರಿಜ್ಜನ್ನು ಬಿಟ್ಟು ಚೆಸ್ಟ್ ಫ್ರೀಜರನ್ನೇ ಆರಿಸಿಕೊಳ್ಳುವುದಕ್ಕೆ ಕಾರಣಗಳಿವೆ. ಮೇಲಕ್ಕೆ ತೆರೆಯುವ ಮುಚ್ಚಳವಿರುವುದರಿಂದ ತೆರೆದಾಗಲೂ ತಣ್ಣನೆಯ ಗಾಳಿ ಒಳಗೇ ತಂಗಿರುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಕಾಪಾಡಲೆಂದು ಕಟ್ಟಿದ ದಪ್ಪ ಗೋಡೆಗಳಿಗೆ 3 ಡಿಗ್ರಿ ಕಾಪಾಡುವುದು ಹಗುರವಾದ ಕೆಲಸವಾದ್ದರಿಂದ ಕರೆಂಟಿನ ಖರ್ಚೂ ಕಡಿಮೆ. ಇಲ್ಲಿ ಸಲೀಸಾಗಿ ಸಿಗುವ 7 ಘನ ಅಡಿಯ, ಅಂದರೆ ಸುಮಾರು 200 ಲೀಟರಿನ ಫ್ರೀಜರಿನಲ್ಲಿ ಮೂರು ಕೆಗ್‌ಗಳು ಆರಾಮವಾಗಿ ಕೂರುತ್ತವೆ. ಕೊಳ್ಳುವ ಮುನ್ನ ಒಂಬತ್ತು ಅಂಗುಲ ವ್ಯಾಸದ ರಟ್ಟಿನ ಬಿಲ್ಲೆಗಳನ್ನು ಕತ್ತರಿಸಿಕೊಂಡು ಹೋಗಿ, ಅಂಗಡಿಯಲ್ಲೇ ಫ್ರೀಜರಿನ ತಳದಲ್ಲಿ ಹಾಸಿ ನೋಡುವುದು ಒಳ್ಳೆಯದು. ಕಂಪ್ರೆಸರ್ ಇರುವ ಕಡೆ ಒಳಗೆ ಮೆಟ್ಟಿಲಿನಂತೆ ಎದ್ದಿರುವ ಭಾಗದ ಅಗಲ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಮತ್ತು ಒಂದು ಅಂಗುಲದ ವ್ಯತ್ಯಾಸಕ್ಕೆ ಒಂದು ಕೆಗ್ ಹೊರಗುಳಿಯಬಹುದು. ಗುಂಡಿ ತಿರುಗಿಸುವ ಹಳೆಯ ಬಗೆಯ ಥರ್ಮೋಸ್ಟಾಟ್ ಇರುವುದನ್ನೇ ಆರಿಸಿ, ಏಕೆಂದರೆ ಕೆಲವು ಡಿಜಿಟಲ್ ಫ್ರೀಜರುಗಳು ಕರೆಂಟ್ ಹೋಗಿ ಬಂದರೆ ತಾವಾಗಿ ಚಾಲೂ ಆಗುವುದಿಲ್ಲ.

ಹವ್ಯಾಸಿಗಳು ಬಳಸುವ ಕೆಗ್‌ಗಳು ಬಿಯರಿಗಾಗಿ ಹುಟ್ಟಿದವಲ್ಲ. ಪೆಪ್ಸಿ, ಕೋಕ ಕೋಲಾ ಮುಂತಾದ ತಂಪುಪಾನೀಯದವರು ಹೋಟೆಲುಗಳಿಗೆ ಸಿರಪ್ ಸಾಗಿಸಲು ಬಳಸುತ್ತಿದ್ದ ಐದು ಗ್ಯಾಲನ್ನಿನ ಉದ್ದನೆಯ ಸ್ಟೀಲ್ ಪಾತ್ರೆಗಳಿವು. ಅವರು ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲಗಳಿಗೆ ಬದಲಾದಾಗ ಹಳೆಯ ಪಾತ್ರೆಗಳು ರಾಶಿ ರಾಶಿಯಾಗಿ ಹವ್ಯಾಸಿಗಳ ಪಾಲಾದವು. ಸಿಲಿಂಡರಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಅನಿಲ ಒಳಹೋಗಿ ಬಿಯರನ್ನು ಒತ್ತಲು ಒಂದು ಬಾಯಿ, ಬಿಯರ್ ಹೊರಬರಲು ತಳದವರೆಗೆ ಇಳಿದ ನಳಿಗೆಯುಳ್ಳ ಇನ್ನೊಂದು ಬಾಯಿ, ಕೈ ತೂರಿಸಿ ಉಜ್ಜಬಹುದಾದ ಮುಚ್ಚಳ, ಇಷ್ಟೇ ಇದರ ರಚನೆ.

ಈಗ ಮುಖ್ಯ ಎಚ್ಚರಿಕೆ. ಚೆಸ್ಟ್ ಫ್ರೀಜರಿನ ಗೋಡೆಗೆ ರಂಧ್ರ ಕೊರೆಯಬಾರದು. ಮಾಮೂಲಿ ಫ್ರಿಜ್ಜಿನ ಬಾಗಿಲಿನಲ್ಲಿ ಶೀತಕದ ಕೊಳವೆಗಳು ಇರುವುದಿಲ್ಲವಾದ್ದರಿಂದ ಅಲ್ಲಿ ಧೈರ್ಯವಾಗಿ ಕೊರೆಯಬಹುದು. ಆದರೆ ಚೆಸ್ಟ್ ಫ್ರೀಜರಿನಲ್ಲಿ ಶೀತಕ ಹರಿಯುವ ಕೊಳವೆಗಳು ನಾಲ್ಕೂ ಗೋಡೆಗಳ ಒಳಗೇ ಸುತ್ತಿಕೊಂಡಿರುತ್ತವೆ. ಒಂದಕ್ಕೆ ಡ್ರಿಲ್ ತಗುಲಿದರೆ ಫ್ರೀಜರ್ ಗುಜರಿಗೆ ಹೋಯಿತೆಂದೇ ಅರ್ಥ. ಹೊಸ ಮಾದರಿಗಳಲ್ಲಿ ಬಳಸುವ ಐಸೊಬ್ಯುಟೇನ್ ಉರಿಯುವ ಅನಿಲವಾದ್ದರಿಂದ ಹಾನಿ ಅಷ್ಟಕ್ಕೇ ನಿಲ್ಲದಿರಬಹುದು. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯವೆಂದರೆ ಫ್ರೀಜರಿನ ಬಾಯಿಗೂ ಮುಚ್ಚಳಕ್ಕೂ ನಡುವೆ ಮರದ ಚೌಕಟ್ಟೊಂದನ್ನು ಕೂರಿಸಿ, ಕೊರೆಯುವುದನ್ನೆಲ್ಲ ಆ ಮರದಲ್ಲೇ ಕೊರೆಯುವುದು. ಇದನ್ನು ಕಾಲರ್ ಎನ್ನುತ್ತಾರೆ. ಒಂದೂವರೆ ಅಂಗುಲ ದಪ್ಪ, ಐದೂವರೆ ಅಂಗುಲ ಅಗಲದ ಹಲಗೆಗಳು ಸಾಕು, ಒಳಮೈಗೆ ಗಟ್ಟಿ ಫೋಮ್ ಹಲಗೆ ಅಂಟಿಸಿದರೆ ಮರದ ಮೂಲಕ ಶಾಖ ಒಳಬರುವುದು ತಗ್ಗುತ್ತದೆ.

ಕಾಲರನ್ನು ಫ್ರೀಜರಿಗೆ ಅಂಟಿಸಬೇಕೋ ಮುಚ್ಚಳಕ್ಕೆ ಜೋಡಿಸಬೇಕೋ ಎಂಬ ಬಗ್ಗೆ ಎರಡು ಪಕ್ಷಗಳಿವೆ. ನಾನು ಎರಡನೆಯ ಪಕ್ಷದವನು. ತುಂಬಿದ ಕೆಗ್ ಸುಮಾರು 23 ಕಿಲೋ ತೂಗುತ್ತದೆ. ಅದನ್ನು ಸೊಂಟದ ಮಟ್ಟದ ಗೋಡೆಯ ಮೇಲಿಂದ ದಾಟಿಸಿ ನಿಧಾನವಾಗಿ ಒಳಗಿಳಿಸುವಾಗ ಇನ್ನೂ ಐದೂವರೆ ಅಂಗುಲ ಎತ್ತರ ಸೇರಿದರೆ ಬೆನ್ನು ಬೇಗ ದೂರು ಕೊಡುತ್ತದೆ. ಕಾಲರ್ ಮುಚ್ಚಳದ ಜೊತೆಗೇ ಮೇಲೇಳುವಂತೆ ಮಾಡಲು, ಮುಚ್ಚಳಕ್ಕೆ ಬಿಗಿದಿರುವ ಕೀಲುಗಳ ಮೇಲಿನ ಭಾಗವನ್ನು ಬಿಚ್ಚಿ ಕಾಲರಿನ ಹಿಂಬದಿಗೆ ಬಿಗಿದು, ಕಾಲರನ್ನು ಕೋನಪಟ್ಟಿಗಳಿಂದ ಮುಚ್ಚಳಕ್ಕೆ ಜೋಡಿಸಿ, ಅದರ ತಳಕ್ಕೆ ಬಾಗಿಲಿನ ಸಂದುಗಳಿಗೆ ಹಾಕುವ ರಬ್ಬರ್ ಪಟ್ಟಿಯನ್ನು ಅಂಟಿಸಬೇಕು. ಮುಚ್ಚಳ ತೆರೆದಾಗ ನಲ್ಲಿಗಳೂ ಮೇಲೇಳುವುದರಿಂದ ಕೊಳವೆಗಳನ್ನು ಸಡಿಲವಾಗಿ ಬಿಟ್ಟಿರಬೇಕಾಗುತ್ತದೆ.

ಉಷ್ಣಾಂಶಕ್ಕೆ ಫ್ರೀಜರಿನ ಸ್ವಂತ ಥರ್ಮೋಸ್ಟಾಟ್ ಪ್ರಯೋಜನವಿಲ್ಲ. ಅದು ಬಿಯರನ್ನು ಕಲ್ಲಾಗಿಸಿಬಿಡುತ್ತದೆ. ಪ್ಲಗ್ಗಿಗೂ ಫ್ರೀಜರಿಗೂ ನಡುವೆ ಹೊರಗಿನ ಕಂಟ್ರೋಲರ್ ಒಂದನ್ನು ಸೇರಿಸಿ, ಫ್ರೀಜರಿನ ಗುಂಡಿಯನ್ನು ಅತಿ ತಣ್ಣನೆಯ ಗುರುತಿಗೆ ತಿರುಗಿಸಿಟ್ಟು, ಕಂಪ್ರೆಸರ್ ಓಡಬೇಕೋ ನಿಲ್ಲಬೇಕೋ ಎಂಬ ತೀರ್ಮಾನವನ್ನು ಪೂರ್ತಿಯಾಗಿ ಕಂಟ್ರೋಲರಿಗೇ ಬಿಡಬೇಕು. ಇಂಕ್‌ಬರ್ಡ್ ಐಟಿಸಿ-308 ಈ ಕೆಲಸಕ್ಕೆ ಹವ್ಯಾಸಿಗಳಲ್ಲಿ ತುಂಬ ಬಳಕೆಯಲ್ಲಿದೆ. ಅದರ ಸಂವೇದಕದ ತಂತಿಯನ್ನು ಗಾಳಿಯಲ್ಲಿ ತೂಗಬಿಡದೆ ಕೆಗ್ಗಿನ ಮಧ್ಯಭಾಗಕ್ಕೆ ಅಂಟಿಸಿ ಮೇಲೊಂದು ಫೋಮ್ ತುಂಡು ಮುಚ್ಚಬೇಕು. ಗಾಳಿಯ ಉಷ್ಣಾಂಶ ಮುಚ್ಚಳ ತೆರೆದಾಗಲೆಲ್ಲ ಏರಿಳಿಯುತ್ತದೆ, 19 ಲೀಟರ್ ದ್ರವದ ಉಷ್ಣಾಂಶ ಹಾಗೆ ಗಾಬರಿಬೀಳುವುದಿಲ್ಲ. ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಚಾಲೂ ಆದರೆ ಒಳಗಿನ ಒತ್ತಡ ಇಳಿಯುವ ಮೊದಲೇ ಮೋಟಾರು ಒದ್ದಾಡಬೇಕಾಗುವುದರಿಂದ, ಐದು ನಿಮಿಷವಾದರೂ ತಡೆಯುವಂತೆ ಕಂಟ್ರೋಲರಿನಲ್ಲಿ ಹೊಂದಿಸಬೇಕು. ಮಿಷಿಗನ್ನಿನಂಥ ಕಡೆ ಫ್ರೀಜರನ್ನು ಗ್ಯಾರೇಜಿನಲ್ಲಿಡುವವರಿಗೆ ಇನ್ನೊಂದು ಸಮಸ್ಯೆಯಿದೆ. ಜನವರಿಯಲ್ಲಿ ಹೊರಗಿನ ಚಳಿಯೇ ಸೊನ್ನೆಗಿಂತ ಕೆಳಗಿಳಿದಾಗ ಫ್ರೀಜರಿಗೆ ಬಿಯರನ್ನು ಬೆಚ್ಚಗಿಡುವ ಶಕ್ತಿಯಿಲ್ಲ. ಆಗ ಕಂಟ್ರೋಲರಿನ ಎರಡನೆಯ ಸಾಕೆಟ್ಟಿಗೆ ಸಣ್ಣ ಹೀಟರ್ ಪಟ್ಟಿ ಜೋಡಿಸಬೇಕಾಗುತ್ತದೆ.

ಇನ್ನು ಹೊಂದಾಣಿಕೆಯ ಲೆಕ್ಕ. ದ್ರವ ಎಷ್ಟು ತಣ್ಣಗಿದೆಯೋ ಮತ್ತು ಅದರ ಮೇಲಿನ ಒತ್ತಡ ಎಷ್ಟು ಹೆಚ್ಚಿದೆಯೋ ಅಷ್ಟು ಹೆಚ್ಚು ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗುತ್ತದೆ. ಸಾಮಾನ್ಯ ಏಲ್ ಬಿಯರಿನಲ್ಲಿ ಅದರ ಗಾತ್ರದ ಎರಡೂವರೆ ಪಟ್ಟು ಅನಿಲ ಕರಗಿರಬೇಕೆಂದು ಇಟ್ಟುಕೊಂಡರೆ, 3 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು 12 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡ ಸಾಕು. ಕಾರಿನ ಚಕ್ರಕ್ಕೆ ನಾವು ತುಂಬಿಸುವ ಗಾಳಿಯ ಒತ್ತಡದ ಅರ್ಧಕ್ಕಿಂತಲೂ ಕಡಿಮೆ. ಅದೇ ಬಿಯರ್ 7 ಡಿಗ್ರಿಯಲ್ಲಿದ್ದರೆ ಅಷ್ಟೇ ಅನಿಲ ಕರಗಿಸಲು ಸುಮಾರು 15 ಪಿಎಸ್‌ಐ ಬೇಕು. ನೊರೆ ಹೆಚ್ಚು ಬರುತ್ತಿದೆಯೆಂದು, ಸಿಲಿಂಡರಿನ ಅನಿಲದ ಒತ್ತಡವನ್ನು ಹೊಂದಿಸುವ ರೆಗ್ಯುಲೇಟರನ್ನು ತಿರುಗಿಸಿ ಒತ್ತಡ ಇಳಿಸುವವರು ಇಲ್ಲೇ ಎಡವುತ್ತಾರೆ. ಒತ್ತಡ ಇಳಿದೊಡನೆ ಕರಗಿದ್ದ ಅನಿಲ ಕೊಳವೆಯಲ್ಲೇ ಗುಳ್ಳೆಯಾಗಿ ಬಿಡುಗಡೆಯಾಗತೊಡಗಿ ನೊರೆ ಇನ್ನೂ ಹೆಚ್ಚುತ್ತದೆ, ಕೆಲವು ದಿನಗಳಲ್ಲಿ ಬಿಯರೇ ಸಪ್ಪೆಯಾಗುತ್ತದೆ. ಒತ್ತಡವನ್ನು ತೀರ್ಮಾನಿಸಬೇಕಾದದ್ದು ಬಿಯರಿನ ಉಷ್ಣಾಂಶ. ಸುರಿಯುವ ವೇಗವನ್ನು ಕೊಳವೆಯಿಂದ ಸರಿಪಡಿಸಿಕೊಳ್ಳಬೇಕು.

ಕೊಳವೆಯ ಒಳಗೋಡೆ ಹರಿವಿಗೆ ಒಡ್ಡುವ ತಡೆಯೇ ಇಲ್ಲಿನ ಕೀಲಿಕೈ. ಕೆಗ್ಗಿನ ಒತ್ತಡವೆಲ್ಲ ದಾರಿಯಲ್ಲೇ ಕರಗಿ, ನಲ್ಲಿಗೆ ಬರುವ ಹೊತ್ತಿಗೆ ಬಿಯರ್ ಶಾಂತವಾಗಿರಬೇಕು. 3/16 ಅಂಗುಲ ಒಳವ್ಯಾಸದ ವಿನೈಲ್ ಕೊಳವೆ ಅಡಿಯೊಂದಕ್ಕೆ 3 ಪಿಎಸ್‌ಐ ತಡೆಯುತ್ತದೆ ಎಂಬುದು ಪಬ್ಬುಗಳವರ ಪಟ್ಟಿಯ ಲೆಕ್ಕ. ಆ ಪ್ರಕಾರ ನಾಲ್ಕಡಿ ಸಾಕಾಗಬೇಕು. ಆದರೆ ಆ ಪಟ್ಟಿ ಎಂಟು ಸೆಕೆಂಡಿಗೆ ಒಂದು ಪೈಂಟ್ (ಅರ್ಧ ಲೀಟರಿಗೆ ತುಸು ಕಡಿಮೆ) ತುಂಬಬೇಕೆಂಬ ವ್ಯಾಪಾರದ ಅವಸರಕ್ಕೆ ತಕ್ಕಂತೆ ಮಾಡಿದ್ದು. ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಶನಿವಾರ ಸಂಜೆ ಆ ವೇಗ ಬೇಕು, ನಮ್ಮ ನೆಲಮಾಳಿಗೆಯಲ್ಲಿ ಯಾರಿಗೂ ಬೇಡ. ಮನೆಯಲ್ಲಿ ಹತ್ತಡಿ ಕೊಳವೆಯಿಂದ ಆರಂಭಿಸುವುದು ಸರಿ. ಬಿಯರ್ ತೀರ ನಿಧಾನವಾಗಿ ಬಂದರೆ ಅರ್ಧರ್ಧ ಅಡಿ ಕತ್ತರಿಸುತ್ತ ಹೋಗಬಹುದು, ಕತ್ತರಿಸಿದ್ದನ್ನು ಮತ್ತೆ ಉದ್ದ ಮಾಡಲಾಗದು. ಈಚೆಗೆ ಹವ್ಯಾಸಿಗಳು ಹೆಚ್ಚು ಬಳಸುತ್ತಿರುವ 4 ಮಿಲಿಮೀಟರ್ ಒಳವ್ಯಾಸದ ಗಟ್ಟಿ ಕೊಳವೆಗಳು ಇನ್ನಷ್ಟು ಇಕ್ಕಟ್ಟಾಗಿರುವುದರಿಂದ ಕಡಿಮೆ ಉದ್ದಕ್ಕೇ ಕೆಲಸ ಸಾಗಿಸುತ್ತವೆ.

ಇಷ್ಟಾದರೂ ಮೊದಲ ಲೋಟ ನೊರೆಯಿಂದ ತುಂಬಿ ಎರಡನೆಯದು ಸರಿಯಾಗಿ ಬಂದರೆ ದೋಷ ಒತ್ತಡದ್ದಲ್ಲ. ತಣ್ಣನೆಯ ಗಾಳಿ ತಳದಲ್ಲಿ ಕೂತು ಕಾಲರಿನ ಸುತ್ತಲ ಗಾಳಿ ಕೆಲವು ಡಿಗ್ರಿ ಬೆಚ್ಚಗಿರುವುದರಿಂದ ಮೇಲಿನ ಕೊಳವೆಯಲ್ಲಿ ನಿಂತ ಬಿಯರೂ ಬೆಚ್ಚಗಾಗಿರುತ್ತದೆ. ಕಂಪ್ಯೂಟರಿನಿಂದ ಬಿಚ್ಚಿದ 12 ವೋಲ್ಟಿನ ಸಣ್ಣ ಫ್ಯಾನೊಂದನ್ನು ತಳದಿಂದ ಮೇಲಕ್ಕೆ ಗಾಳಿ ತಳ್ಳುವಂತೆ ಇಟ್ಟರೆ ಈ ಅಂತರ ಬಹುಮಟ್ಟಿಗೆ ಅಳಿಯುತ್ತದೆ. ಇಷ್ಟು ಅಗ್ಗದಲ್ಲಿ ಇಷ್ಟು ಉಪಕಾರ ಮಾಡುವ ಇನ್ನೊಂದು ಭಾಗ ಈ ಪೆಟ್ಟಿಗೆಯಲ್ಲಿಲ್ಲ.

ಅನಿಲದ ಸಿಲಿಂಡರಿನ ಬಗ್ಗೆ ಎರಡು ಮಾತು. ಒಳಗೆ ಡೈಆಕ್ಸೈಡ್ ದ್ರವರೂಪದಲ್ಲಿರುವುದರಿಂದ ಮಾಪಕದ ಮುಳ್ಳು ದ್ರವ ಮುಗಿಯುವವರೆಗೂ ಒಂದೇ ಕಡೆ ನಿಂತಿರುತ್ತದೆ. ಎಷ್ಟು ಉಳಿದಿದೆಯೆಂದು ತಿಳಿಯಬೇಕಾದರೆ ತೂಕ ಹಾಕಿ, ಕುತ್ತಿಗೆಯ ಬಳಿ ಕೆತ್ತಿರುವ ಖಾಲಿ ತೂಕವನ್ನು ಕಳೆಯಬೇಕು. ಸೋರಿಕೆಯ ಪರೀಕ್ಷೆಗೆ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ, ಖಾಲಿ ಕೆಗ್ಗಿಗೆ ಒತ್ತಡ ತುಂಬಿ, ಸಿಲಿಂಡರ್ ಮುಚ್ಚಿ ರಾತ್ರಿಯಿಡೀ ಬಿಟ್ಟು ಮುಳ್ಳನ್ನು ನೋಡಬೇಕು. ಬಿಯರ್ ತುಂಬಿದ ಕೆಗ್ಗಿನಲ್ಲಿ ಈ ಪರೀಕ್ಷೆ ಮಾಡಿದರೆ, ದ್ರವ ಅನಿಲವನ್ನು ಹೀರಿಕೊಂಡು ಮುಳ್ಳು ಇಳಿದು ಇಲ್ಲದ ಸೋರಿಕೆಯನ್ನು ಹುಡುಕಿಸುತ್ತದೆ.

ಸೋರಿಕೆ ಬರೀ ಹಣದ ಪ್ರಶ್ನೆಯಲ್ಲ. ಮನೆಗಳಲ್ಲಿ ಬಳಸುವ ಐದು ಪೌಂಡಿನ ಸಿಲಿಂಡರಿನಲ್ಲಿರುವ 2.27 ಕಿಲೋ ದ್ರವ ಅನಿಲವಾಗಿ ಹರಡಿದರೆ ಸುಮಾರು 1.2 ಘನ ಮೀಟರ್ ಆಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಎಂಟಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಅದು ಶೇಕಡ 5ನ್ನು ದಾಟುತ್ತದೆ. ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನಾ ಸಂಸ್ಥೆಯಾದ ನಯೋಶ್ ಶೇಕಡ 4ನ್ನೇ ಜೀವಕ್ಕೆ ತಕ್ಷಣದ ಅಪಾಯದ ಮಟ್ಟವೆಂದು ಗುರುತಿಸಿದೆ. ಗಾಳಿಗಿಂತ ಭಾರವಾದ ಈ ಅನಿಲ ನೆಲಮಾಳಿಗೆಯಲ್ಲಿ ತಾನಾಗಿ ಹೊರಹೋಗುವುದೂ ಇಲ್ಲ. ಆದ್ದರಿಂದ ಹೊಳೆಯುವ ನಲ್ಲಿಗಳಿಗೆ ಖರ್ಚು ಮಾಡುವ ಮೊದಲು ಡೈಆಕ್ಸೈಡ್ ಎಚ್ಚರಿಕೆಯ ಉಪಕರಣವೊಂದನ್ನು ಕೊಂಡು ನೆಲದಿಂದ ಹೆಚ್ಚು ಎತ್ತರವಿಲ್ಲದಂತೆ ಗೋಡೆಗೆ ಹಾಕಿ ಎಂದು ಒತ್ತಾಯವಾಗಿಯೇ ಹೇಳುತ್ತೇನೆ. ಫ್ರೀಜರಿನ ತಳದಲ್ಲಿ ಏನಾದರೂ ಬಿದ್ದಿದ್ದರೆ ಮುಚ್ಚಳ ತೆರೆದು ಸ್ವಲ್ಪ ಹೊತ್ತು ಬಿಟ್ಟು ಅನಂತರ ತಲೆ ಬಗ್ಗಿಸಿ.

ತೇವ ಇನ್ನೊಂದು ಕಾಟ. ಮಾಮೂಲಿ ಫ್ರಿಜ್ಜಿನಲ್ಲಿ ಕರಗಿದ ನೀರು ಹರಿದುಹೋಗುವ ದಾರಿಯಿರುತ್ತದೆ, ಇಲ್ಲಿ ಅದು ತಳದಲ್ಲೇ ನಿಂತು ಬೂಸ್ಟು ಹಿಡಿಯುತ್ತದೆ. ಮತ್ತೆ ಮತ್ತೆ ಒಣಗಿಸಿ ಬಳಸಬಹುದಾದ ಸಿಲಿಕಾ ಜೆಲ್ ಡಬ್ಬಿ ಒಳಗಿರಲಿ, ಬೇಸಿಗೆಯಲ್ಲಿ ಆಗಾಗ ಒಣಬಟ್ಟೆಯಿಂದ ಒರೆಸಬೇಕು.

ನಮ್ಮಲ್ಲಿ ಮೂರನೆಯ ನಲ್ಲಿ ಸೋಡಾದ್ದು. ಊರಿನಿಂದ ಬರುವ ಹಿರಿಯರು ಬಿಯರ್ ಮುಟ್ಟುವುದಿಲ್ಲ, ಆದರೆ ಊಟವಾದ ಮೇಲೆ ಉಪ್ಪು ಹಾಕಿದ ನಿಂಬೆ ಸೋಡಾ ಎಂದರೆ ಅವರಿಗೆ ಸಂತೋಷ. ಸೋಡಾಕ್ಕೆ ಬಿಯರಿಗಿಂತ ಹೆಚ್ಚು ಅನಿಲ ಬೇಕಾದ್ದರಿಂದ ಒತ್ತಡ 30 ಪಿಎಸ್‌ಐ ಆಸುಪಾಸಿನಲ್ಲಿರಬೇಕು. ಅದಕ್ಕೆ ಪ್ರತ್ಯೇಕ ರೆಗ್ಯುಲೇಟರೂ, ಇಪ್ಪತ್ತು ಅಡಿಗೂ ಹೆಚ್ಚಿನ ಕೊಳವೆ ಅಥವಾ ಹರಿವು ತಗ್ಗಿಸುವ ತಿರುಪಿರುವ ನಲ್ಲಿಯೂ ಅಗತ್ಯ. ಕೆಗ್ಗಿನಲ್ಲಿ ಬರೀ ನೀರಿರಲಿ, ನಿಂಬೆಯನ್ನೂ ಶರಬತ್ತನ್ನೂ ಲೋಟದಲ್ಲೇ ಬೆರೆಸಿಕೊಳ್ಳಿ. ವಿನೈಲ್ ಕೊಳವೆಗೆ ಹತ್ತಿದ ಸುವಾಸನೆ ತೊಳೆದರೂ ಬಿಡುವುದಿಲ್ಲ.

ಬಿಯರ್ ಕೊಳವೆಗಳನ್ನು ಎರಡು ವಾರಕ್ಕೊಮ್ಮೆ ಕ್ಷಾರದ ದ್ರಾವಣದಿಂದ ತೊಳೆಯಬೇಕೆಂದು ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಪಬ್ಬುಗಳಿಗೆ ಸೂಚಿಸುತ್ತದೆ. ದಿನಕ್ಕೆ ಒಂದೆರಡು ಲೋಟ ಹರಿಯುವ ಮನೆಯಲ್ಲಿ ಬಿಯರ್ ಕೊಳವೆಯಲ್ಲಿ ನಿಂತೇ ಇರುವುದರಿಂದ ಈ ವಿಷಯದಲ್ಲಿ ಹೆಚ್ಚು ರಿಯಾಯಿತಿ ತೆಗೆದುಕೊಳ್ಳಬಾರದು. ಕೆಗ್ ಬದಲಿಸುವಾಗಲಂತೂ ತಪ್ಪಿಸಲೇಬಾರದು. ಕ್ಯಾಲ್ಸಿಯಂ ಆಕ್ಸಲೇಟಿನ ಗಟ್ಟಿ ಪದರ ಕ್ಷಾರಕ್ಕೆ ಜಗ್ಗುವುದಿಲ್ಲವಾದ್ದರಿಂದ ಮೂರು ತಿಂಗಳಿಗೊಮ್ಮೆ ಆಮ್ಲದ ದ್ರಾವಣವನ್ನೂ ಹರಿಸಬೇಕು. ಕೊಳವೆ ಹಳದಿ ತಿರುಗಿ ಹುಳಿ ವಾಸನೆ ಹಿಡಿದಿದ್ದರೆ ತೊಳೆಯುತ್ತ ಕೂರದೆ ಹೊಸದನ್ನೇ ಹಾಕಿ, ಹತ್ತಡಿ ವಿನೈಲಿನ ಬೆಲೆ ಪಬ್ಬಿನಲ್ಲಿ ಎರಡು ಪೈಂಟಿಗೆ ತೆರುವಷ್ಟೂ ಆಗುವುದಿಲ್ಲ.